ಮೇರಿ ಕ್ಯೂರಿಯ ಸುಟ್ಟ ಬೆರಳುಗಳು

ನಮ್ಮ ಮನೆಯಲ್ಲಿ ರೇಡಿಯೇಶನ್ ಎಂಬ ಶಬ್ದವನ್ನು ಯಾರೂ ಬಳಸುವುದಿಲ್ಲ. ಕರೆಂಟು ಕೊಡುವುದು ಎನ್ನುತ್ತೇವೆ. ಇಪ್ಪತ್ತೆರಡು ವರ್ಷಗಳ ಹಿಂದೆ, ನಾನು ಹುಟ್ಟುವ ಮೊದಲು, ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಎಡಭಾಗದ ಸ್ತನ ತೆಗೆದು, ಆಮೇಲೆ ಐದು ವಾರ ಕರೆಂಟು ಕೊಟ್ಟಿದ್ದರು. ದೊಡ್ಡಮ್ಮ ಬದುಕಿದರು. ಶಿರ್ವದ ನಮ್ಮ ಮನೆಯಂಗಳದ ಮಲ್ಲಿಗೆ ಗಿಡಗಳನ್ನು ಬೆಳೆಸಿದರು, ನನ್ನನ್ನೂ ಬೆಳೆಸಿದರು. ಬೆಳಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಅವರು ಕಟ್ಟುವ ವೇಗ ನೋಡಿದರೆ ಕಣ್ಣು ತಪ್ಪುತ್ತದೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರಕ್ಕೆ ಹೂವು ಒಯ್ಯುವವರು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಕಳೆದ ವರ್ಷ ಅವರ ಕೈ ನಿಧಾನವಾಯಿತು. ಎಡತೋಳನ್ನು ಮೈಗೆ ಅಂಟಿಸಿಕೊಂಡೇ ಕೂರುತ್ತಿದ್ದರು. ಪ್ರಾಯ ಆಯಿತಲ್ಲ ಎಂದುಕೊಂಡೆವು. ಒಂದು ದಿನ ಪಕ್ಕದಲ್ಲಿ ಕೂತು ಮೊಗ್ಗು ಆರಿಸುವಾಗ ಮಲ್ಲಿಗೆಯ ಪರಿಮಳದ ನಡುವೆ ಬೇರೊಂದು ವಾಸನೆ ಮೂಗಿಗೆ ಬಡಿಯಿತು. ಎದೆಯ ಹಳೆಯ ಗಾಯದ ಕಲೆಯ ಮೇಲೆ ಹುಣ್ಣಾಗಿತ್ತು. ಮಲ್ಲಿಗೆ ಕಡ್ಡಿ ಗೀರಿದ ಸಣ್ಣ ಗೀರು ಅದಂತೆ. ಐದು ತಿಂಗಳಿಂದ ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿ, ಹಳೆ ಸೀರೆಯ ತುಂಡು ಒತ್ತಿಟ್ಟು, ಯಾರಿಗೂ ಹೇಳದೆ ಇದ್ದರು. ಕ್ಯಾನ್ಸರ್ ಮತ್ತೆ ಬಂತು ಎಂದು ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಅದೂ ಅಲ್ಲದೆ, ಎದೆಯ ಗಾಯವನ್ನು ಯಾರಿಗೆ ತೋರಿಸುವುದು ಎಂಬ ನಾಚಿಕೆ ಬೇರೆ.

ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ. ಇದು ಕರೆಂಟಿನ ಹುಣ್ಣು, ಅಂದು ಕೊಟ್ಟ ಕಿರಣ ಇಂದು ಮಾಡಿದ ಗಾಯ ಎಂದರು ವೈದ್ಯರು. ವಾಪಸು ಬರುವಾಗ ಕಟಪಾಡಿಯವರೆಗೂ ಮಾತಾಡದ ದೊಡ್ಡಮ್ಮ, ಬಂಟಕಲ್ಲಿನ ಹತ್ತಿರ ಬಸ್ಸಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಈ ಕರೆಂಟನ್ನು ಕಂಡುಹಿಡಿದವರಿಗೆ ಇದು ಹೀಗೆ ಸುಡುತ್ತದೆ ಅಂತ ಗೊತ್ತಿತ್ತಾ?

ನಾನು ಬಿಎಸ್ಸಿ ಓದುವವಳು. ಹೈಸ್ಕೂಲಿನಲ್ಲಿ ಮೇರಿ ಕ್ಯೂರಿಯ ಬಗ್ಗೆ ಭಾಷಣ ಮಾಡಿ ಸ್ಟೀಲಿನ ಬಟ್ಟಲು ಗೆದ್ದವಳು. ಎರಡು ನೊಬೆಲ್, ಮಹಿಳೆ, ತ್ಯಾಗ, ಚಪ್ಪಾಳೆ. ಆ ಭಾಷಣದಲ್ಲಿ ಆಕೆಯ ಬೆರಳುಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಹಾಗಾಗಿ ಮತ್ತೆ ಓದಲು ಕೂತೆ. ದೊಡ್ಡಮ್ಮನ ಡ್ರೆಸ್ಸಿಂಗ್ ಬದಲಿಸುವ ಕೆಲಸ ನನ್ನದಾಗಿತ್ತು. ಓದಿದ್ದನ್ನು ಆಗಲೇ ಹೇಳುತ್ತಾ ಹೋದೆ. ಇಲ್ಲಿ ಬರೆದಿರುವುದು ಬಹುತೇಕ ಅದೇ.

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಆಗಿನ ಹೆಸರು ಮರಿಯಾ ಸ್ಕ್ಲೊಡೊವ್‌ಸ್ಕಾ. ಐವರು ಮಕ್ಕಳಲ್ಲಿ ಕಿರಿಯವಳು. ಅಪ್ಪ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಅಕ್ಕ ಒಬ್ಬಳು ಜ್ವರದಲ್ಲಿ ತೀರಿಕೊಂಡಳು, ಮೇರಿಗೆ ಹತ್ತು ವರ್ಷವಾದಾಗ ಅಮ್ಮ ಕ್ಷಯದಿಂದ ಹೋದರು. ಊರು ರಷ್ಯನ್ನರ ಆಳ್ವಿಕೆಯಲ್ಲಿತ್ತು, ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅಕ್ಕ ಬ್ರೋನ್ಯಾ ಮತ್ತು ಮೇರಿ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ಡಾಕ್ಟರಿಕೆ ಓದಬೇಕು, ತಂಗಿ ದುಡಿದು ಹಣ ಕಳಿಸಬೇಕು. ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಳ್ಳಬೇಕು. ಮೇರಿ ವರ್ಷಗಟ್ಟಲೆ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಮಾಡಿದಳು. ಒಂದು ಮನೆಯ ಮಗ ಇವಳನ್ನು ಮೆಚ್ಚಿದ. ಪಾಠ ಹೇಳುವ ಹುಡುಗಿ ಸೊಸೆಯಾಗುವುದು ಮನೆಯವರಿಗೆ ಬೇಡವಾಯಿತು. ಆ ಅವಮಾನ ನುಂಗಿಕೊಂಡು ಅದೇ ಮನೆಯಲ್ಲಿ ಕೆಲಸ ಮುಂದುವರಿಸಿದಳು, ಯಾಕೆಂದರೆ ಅಕ್ಕನಿಗೆ ಹಣ ಹೋಗಬೇಕಿತ್ತು. ಇದನ್ನು ಹೇಳುವಾಗ ದೊಡ್ಡಮ್ಮ ತಲೆಯಾಡಿಸಿದರು. ನನ್ನ ಅಮ್ಮ ಟೀಚರ್ ಟ್ರೈನಿಂಗ್ ಮುಗಿಸಿದ್ದು ದೊಡ್ಡಮ್ಮ ಕಟ್ಟಿದ ಹೂವಿನ ದುಡ್ಡಿನಲ್ಲಿ.

1891ರಲ್ಲಿ ಮೇರಿ ಪ್ಯಾರಿಸ್ಸಿಗೆ ಬಂದಳು. ಸೊರ್ಬಾನ್‌ನಲ್ಲಿ 1893ರಲ್ಲಿ ಭೌತಶಾಸ್ತ್ರದ ಪದವಿಯಲ್ಲಿ ಮೊದಲ ಸ್ಥಾನ, ಮರುವರ್ಷ ಗಣಿತದಲ್ಲಿ ಎರಡನೆಯ ಸ್ಥಾನ. 1895ರಲ್ಲಿ ಪಿಯರೆ ಕ್ಯೂರಿಯೊಂದಿಗೆ ಮದುವೆ. ಮದುವೆಯ ನಂತರದ ತಿರುಗಾಟ ಸೈಕಲ್ಲಿನಲ್ಲಿ. ಅದೇ ವರ್ಷದ ಕೊನೆಗೆ ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ. ಮರುವರ್ಷ ಪ್ಯಾರಿಸ್ಸಿನ ಹೆನ್ರಿ ಬೆಕ್ವೆರೆಲ್, ಯುರೇನಿಯಂ ತನ್ನಷ್ಟಕ್ಕೆ ಕಿರಣ ಹೊಮ್ಮಿಸುವುದನ್ನು ಕಂಡ. ಮೇರಿ ಡಾಕ್ಟರೇಟಿಗೆ ಆರಿಸಿಕೊಂಡದ್ದು ಬೆಕ್ವೆರೆಲ್‌ನ ಕಿರಣಗಳನ್ನು. ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರು, ಅದರಲ್ಲಿರುವ ಯುರೇನಿಯಂ ಲೆಕ್ಕಕ್ಕಿಂತ ಹೆಚ್ಚು ಕಿರಣ ಬಿಡುತ್ತಿತ್ತು. ಹಾಗಾದರೆ ಒಳಗೆ ಬೇರೇನೋ ಇದೆ. ಪಿಯರೆ ತನ್ನ ಕೆಲಸ ಬದಿಗಿಟ್ಟು ಹೆಂಡತಿಯ ಜೊತೆ ಸೇರಿದ. 1898ರ ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ. ಮೊದಲನೆಯದಕ್ಕೆ ಸ್ವಂತ ದೇಶದ ಹೆಸರಿಟ್ಟಳು.

ಇದೆ ಎಂದು ಹೇಳುವುದು ಬೇರೆ, ತೆಗೆದು ತೋರಿಸುವುದು ಬೇರೆ. ಬೊಹೀಮಿಯದ ಗಣಿಯಿಂದ ಯುರೇನಿಯಂ ತೆಗೆದು ಬಿಸಾಡಿದ ಅದಿರಿನ ಚರಟ ಟನ್‌ಗಟ್ಟಲೆ ಬಂತು, ಪೈನ್ ಮರದ ಎಲೆಗಳೂ ಅದರ ಜೊತೆಗೇ ಬಂದಿದ್ದವು. ಕೆಲಸಕ್ಕೆ ಸಿಕ್ಕಿದ್ದು ಸೋರುವ ಒಂದು ಶೆಡ್ಡು. ನಮ್ಮಲ್ಲಿ ಭತ್ತ ಬೇಯಿಸುವ ಹಂಡೆಯಂಥ ದೊಡ್ಡ ಪಾತ್ರೆಗಳಲ್ಲಿ, ಒಂದು ಸಲಕ್ಕೆ 20 ಕಿಲೋದಷ್ಟು, ಕುದಿಸುವುದು. ಮೇರಿಯಷ್ಟೇ ಎತ್ತರದ ಕಬ್ಬಿಣದ ಸರಳಿನಿಂದ ಇಡೀ ದಿನ ಕಲಕುವುದು. 1902ರಲ್ಲಿ ಕೈಗೆ ಬಂದ ರೇಡಿಯಂ ಲವಣ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಶೆಡ್ಡಿಗೆ ಹೋಗಿ, ದೀಪ ಹಚ್ಚದೆ, ಕತ್ತಲಲ್ಲಿ ತಾನೇ ಹೊಳೆಯುತ್ತಿದ್ದ ಸೀಸೆಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ನನ್ನ ಭಾಷಣದಲ್ಲಿ ಇದು ಇತ್ತು. ಎಲ್ಲರ ಭಾಷಣದಲ್ಲೂ ಇರುತ್ತದೆ.

ಇಲ್ಲದೆ ಇದ್ದದ್ದು ಇದು. 1900ರಲ್ಲಿ ಜರ್ಮನಿಯಲ್ಲಿ ಇಬ್ಬರು, ರೇಡಿಯಂ ಚರ್ಮವನ್ನು ಸುಡುತ್ತದೆ ಎಂದು ವರದಿ ಮಾಡಿದರು. ಪಿಯರೆ ಅದನ್ನು ಪರೀಕ್ಷಿಸಿದ್ದು ತನ್ನ ತೋಳಿನ ಮೇಲೆ. ಹತ್ತು ಗಂಟೆ ರೇಡಿಯಂ ಬೆರೆತ ವಸ್ತುವನ್ನು ಚರ್ಮಕ್ಕೆ ತಾಗಿಸಿಟ್ಟುಕೊಂಡ. ಮೊದಲು ಕೆಂಪಾಯಿತು. ನೋವೇನೂ ಅಷ್ಟಿರಲಿಲ್ಲ. ಕೆಲವು ದಿನಗಳ ನಂತರ ಕೆಂಪು ಹೆಚ್ಚಿತು. ಇಪ್ಪತ್ತನೆಯ ದಿನ ಹಕ್ಕಳೆ ಕಟ್ಟಿತು, ಆಮೇಲೆ ಅದು ಹುಣ್ಣಾಗಿ ಪಟ್ಟಿ ಕಟ್ಟಬೇಕಾಯಿತು. ನಲವತ್ತೆರಡನೆಯ ದಿನ ಅಂಚಿನಿಂದ ಹೊಸ ಚರ್ಮ ಬರತೊಡಗಿತು. ಐವತ್ತೆರಡನೆಯ ದಿನವೂ ಒಂದು ಚದರ ಸೆಂಟಿಮೀಟರಿನಷ್ಟು ಜಾಗ ಬೂದುಬಣ್ಣದಲ್ಲಿ ಮಾಯದೆ ಉಳಿದಿತ್ತು. ಬೆಕ್ವೆರೆಲ್ ರೇಡಿಯಂ ಕೊಳವೆಯನ್ನು ವೇಸ್ಟ್‌ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ, ಅದೇ ಜಾಗದಲ್ಲಿ ಅವನಿಗೂ ಗಾಯವಾಯಿತು. 1901ರಲ್ಲಿ ಇಬ್ಬರೂ ಸೇರಿ ಇದನ್ನೆಲ್ಲ ಒಂದು ಚಿಕ್ಕ ಪ್ರಬಂಧದಲ್ಲಿ ಬರೆದರು.

ಅದರಲ್ಲಿ ಮೇರಿಯ ಕೈಯೂ ಇದೆ. ಲೋಹದ ತೆಳು ಡಬ್ಬಿಯೊಳಗೆ ಮುಚ್ಚಿದ ಪುಟ್ಟ ಕೊಳವೆಯನ್ನು ಆಕೆ ಅರ್ಧ ಗಂಟೆಗೂ ಕಡಿಮೆ ಹೊತ್ತು ಒಯ್ದದ್ದು. ಆ ದಿನ ಏನೂ ಆಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅಲ್ಲಿ ಕೆಂಪು ಕಲೆ ಎದ್ದು ಬೊಬ್ಬೆಯಾಯಿತು. ಅದು ಮಾಯಲು ಇನ್ನೂ ಹದಿನೈದು ದಿನ. ಕೊಳವೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ಗಟ್ಟಿಯಾದವು, ಸಿಪ್ಪೆ ಏಳುತ್ತಿದ್ದವು. ಚರ್ಮ ಹೊಸದಾಗಿ ಬಂದ ಮೇಲೂ ತಿಂಗಳುಗಟ್ಟಲೆ ನೋವು ಉಳಿಯುತ್ತಿತ್ತು.

ಈ ಭಾಗ ಹೇಳುವಾಗ ನಾನು ಸಲೈನಿನಲ್ಲಿ ಹುಣ್ಣು ತೊಳೆಯುತ್ತಿದ್ದೆ. ದೊಡ್ಡಮ್ಮ ಅಷ್ಟು ದಿನವೂ ಡ್ರೆಸ್ಸಿಂಗ್ ಮುಗಿಯುವ ತನಕ ಗೋಡೆಗೆ ಮುಖ ಮಾಡಿರುತ್ತಿದ್ದರು. ಅಂದು ತಿರುಗಿ ನೋಡಿ, ಹದಿನೈದು ದಿನ ಬಿಟ್ಟು ಬಂತಾ ಎಂದು ಕೇಳಿದರು. ಅವರಿಗೆ ತಲೆಗೆ ಹೋಗದೆ ಉಳಿದದ್ದು ಅದೇ ಆಗಿತ್ತು, ಕಳೆದುಹೋದ ಕಾಲ. ಬೆಂಕಿ ತಾಗಿದರೆ ಆಗಲೇ ಉರಿಯುತ್ತದೆ. ಇದೆಂಥ ಬೆಂಕಿ, ಇಪ್ಪತ್ತೆರಡು ವರ್ಷ ಸುಮ್ಮನಿದ್ದು ಆಮೇಲೆ ಸುಡುವುದು?

ಮಣಿಪಾಲದ ವೈದ್ಯರು ಇದನ್ನು ಒಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದ್ದರು. ಕಿರಣ ಜೀವಕೋಶದ ಒಳಗೆ ಹೋಗಿ, ಅದು ಎರಡಾಗುವ ಶಕ್ತಿಯನ್ನು ಕೆಡಿಸುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಹಾಗೆಯೇ. ಚರ್ಮದ ಕೋಶಕ್ಕೂ ಪೆಟ್ಟು ಬೀಳುತ್ತದೆ. ಅದು ಎರಡಾಗಲು ಹೋದಾಗ ಮಾತ್ರ ಗೊತ್ತಾಗುವುದರಿಂದ ಕೆಂಪಾಗಲು ಒಂದೆರಡು ವಾರ ಬೇಕು. ಆ ಸುಟ್ಟ ಚರ್ಮ ಹೆಚ್ಚಿನವರಿಗೆ ಮಾಯುತ್ತದೆ, ದೊಡ್ಡಮ್ಮನಿಗೂ ಮಾಯಿತ್ತು. ಆದರೆ ಅಡಿಯಲ್ಲಿರುವ ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ವರ್ಷವರ್ಷ ದಪ್ಪವಾಗುತ್ತಾ ಬರುತ್ತದೆ. ತೋಟಕ್ಕೆ ನೀರು ಹೋಗುವ ಕಣಿಯಲ್ಲಿ ಹೂಳು ತುಂಬಿದ ಹಾಗೆ. ಗಿಡ ಹಸಿರಾಗಿಯೇ ಕಾಣುತ್ತದೆ. ಚರ್ಮ ತೆಳುವಾಗಿ, ಬಿಗಿಯಾಗಿ, ಅಡಿಯ ಮಾಂಸ ಗಟ್ಟಿಯಾಗಿ, ಅಲ್ಲಿ ಜೇಡನ ಬಲೆಯಂಥ ಕೆಂಪು ಗೆರೆಗಳು ಮೂಡುತ್ತವೆ. ಒಂದು ದಿನ ಒಂದು ಕಡ್ಡಿ ಗೀರುತ್ತದೆ. ಬೇರೆ ಕಡೆಯಾಗಿದ್ದರೆ ನಾಲ್ಕು ದಿನದಲ್ಲಿ ಮಾಯುತ್ತಿದ್ದ ಗೀರಿಗೆ ಇಲ್ಲಿ ರಕ್ತವೇ ಸಾಲುವುದಿಲ್ಲ. ಹುಣ್ಣು ನಿಲ್ಲುತ್ತದೆ, ಸೋಂಕು ಸೇರುತ್ತದೆ, ಆಳಕ್ಕೆ ಹೋದರೆ ಪಕ್ಕೆಲುಬು ಕಾಣುವವರೆಗೂ ಹೋಗಬಹುದು. ಇಂಥ ಹಳೆಯ ಹುಣ್ಣಿನಲ್ಲಿ ಕ್ಯಾನ್ಸರ್ ಕೂಡ ಹುಟ್ಟಬಹುದು. ಅದಕ್ಕೇ ಮೊದಲು ಚೂರು ತೆಗೆದು ನೋಡಿದ್ದು.

ಮೇರಿಯ ಕಥೆಗೆ ಬರುತ್ತೇನೆ. ಚರ್ಮವನ್ನು ಸುಡುವುದಾದರೆ ಚರ್ಮದ ರೋಗವನ್ನೂ ಸುಡಬಹುದಲ್ಲ ಎಂಬ ಯೋಚನೆ ವೈದ್ಯರಿಗೆ ಬರಲು ತಡವಾಗಲಿಲ್ಲ. ಎಕ್ಸ್‌ರೇಯಿಂದ ಆ ಪ್ರಯತ್ನ ಆಗಲೇ ಶುರುವಾಗಿತ್ತು. 1896ರಲ್ಲೇ ಸ್ತನ ಕ್ಯಾನ್ಸರಿನ ಮಹಿಳೆಯೊಬ್ಬಳಿಗೆ ಎಕ್ಸ್‌ರೇ ಕೊಟ್ಟೆ ಎಂದು ಷಿಕಾಗೋದ ಎಮಿಲ್ ಗ್ರಬ್ಬೆ ಹೇಳಿಕೊಂಡಿದ್ದಾನೆ. ಅವನ ಕೈಯನ್ನೇ ಆ ಕಿರಣ ತಿಂದು, ಮುಂದೆ ಎಡಗೈ ಕತ್ತರಿಸಬೇಕಾಯಿತು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಡಾಕ್ಟರ್ ದಾನ್ಲೋ, ಕ್ಯೂರಿಗಳು ಕೊಟ್ಟ ರೇಡಿಯಂನಿಂದ 1901ರಲ್ಲಿ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಮಾಡಿದ. ಅಂದರೆ ಪಿಯರೆಯ ತೋಳಿನ ಹುಣ್ಣು ಮತ್ತು ರೇಡಿಯಂ ಚಿಕಿತ್ಸೆ, ಎರಡೂ ಒಂದೇ ವರ್ಷದ್ದು. ದೊಡ್ಡಮ್ಮನ ಪ್ರಶ್ನೆಗೆ ನೇರ ಉತ್ತರ ಇದು. ಗೊತ್ತಿತ್ತು. ಸುಡುತ್ತದೆ ಎಂದು ಗೊತ್ತಿದ್ದರಿಂದಲೇ ಅದು ಔಷಧವಾಯಿತು.

ರೇಡಿಯಂ ತೆಗೆಯುವ ವಿಧಾನಕ್ಕೆ ಅವರು ಪೇಟೆಂಟ್ ಮಾಡಿಸಲಿಲ್ಲ. ಯಾರು ಕೇಳಿದರೂ ಬರೆದುಕೊಟ್ಟರು. 1903ರಲ್ಲಿ ಬೆಕ್ವೆರೆಲ್ ಜೊತೆ ನೊಬೆಲ್ ಬಂತು. ತರಲು ಸ್ವೀಡನ್ನಿಗೆ ಹೋಗುವ ತ್ರಾಣ ಇಬ್ಬರಿಗೂ ಇರಲಿಲ್ಲ. ಆ ವರ್ಷ ಮೇರಿಗೆ ಗರ್ಭಪಾತವಾಗಿತ್ತು. ಪಿಯರೆಗೆ ರಾತ್ರಿಯಿಡೀ ಕಾಲುನೋವು, ಸಂಧಿವಾತ ಎಂದು ಎಲ್ಲರೂ ನಂಬಿದ್ದರು. 1906ರ ಏಪ್ರಿಲ್ 19ರಂದು ಮಳೆಯಲ್ಲಿ ರಸ್ತೆ ದಾಟುವಾಗ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರೆ ಹೋದ. ಮೇರಿಗೆ 38 ವರ್ಷ, ಎರಡು ಹೆಣ್ಣುಮಕ್ಕಳು, ಕಿರಿಯವಳು ಈವ್ ಇನ್ನೂ ಒಂದೂವರೆ ವರ್ಷದವಳು. ಅದೇ ನವೆಂಬರಿನಲ್ಲಿ ಸೊರ್ಬಾನ್‌ನಲ್ಲಿ ಗಂಡ ಬಿಟ್ಟ ಪಾಠವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಅಲ್ಲಿ ಪಾಠ ಮಾಡಿದ ಮೊದಲ ಹೆಂಗಸು ಆಕೆ.

1911 ನನಗೆ ಸಿಟ್ಟು ಬರಿಸುವ ವರ್ಷ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಚೂರು ಮತಗಳಲ್ಲಿ ತಪ್ಪಿತು. ವರ್ಷದ ಕೊನೆಗೆ ವಿಜ್ಞಾನಿ ಲಾಂಜೆವೆ ಜೊತೆಗಿನ ಸಂಬಂಧವನ್ನು ಪತ್ರಿಕೆಗಳು ಬೀದಿಗೆ ಎಳೆದವು, ಮನೆಯೆದುರು ಜನ ಸೇರಿದರು. ಅದೇ ಹೊತ್ತಿಗೆ ಎರಡನೆಯ ನೊಬೆಲ್, ಈ ಸಲ ರಸಾಯನಶಾಸ್ತ್ರಕ್ಕೆ. ಗಂಡಸಿನ ಹೆಸರನ್ನು ಯಾರೂ ಅಷ್ಟು ಎಳೆದಾಡಲಿಲ್ಲ. ಆಕೆ ಸ್ವೀಡನ್ನಿಗೆ ಹೋಗಿ ಬಹುಮಾನ ತಂದಳು, ಬಂದವಳೇ ಕಾಯಿಲೆ ಬಿದ್ದಳು, ಮೂತ್ರಪಿಂಡದ ಆಪರೇಷನ್ ಆಯಿತು.

ಮೊದಲ ಮಹಾಯುದ್ಧದ ಕಥೆ ಎಲ್ಲರಿಗೂ ಗೊತ್ತಿದೆ. ಎಕ್ಸ್‌ರೇ ಯಂತ್ರ ಹೊತ್ತ ಸುಮಾರು 20 ಕಾರುಗಳು, ಆಸ್ಪತ್ರೆಗಳಲ್ಲಿ 200ರಷ್ಟು ಎಕ್ಸ್‌ರೇ ಕೋಣೆಗಳು, ಗುಂಡು ಹೊಕ್ಕ ಸೈನಿಕರು, ಹದಿನೇಳರ ಮಗಳು ಐರೀನ್ ಜೊತೆಗೆ. ಮೇರಿ ಸ್ವತಃ ಕಾರು ಓಡಿಸಲು ಕಲಿತಳು. ಕಿರಣದಿಂದ ರಕ್ಷಣೆ ಎಂದರೆ ಬಟ್ಟೆಯ ಕೈಗವಸು, ಅಲ್ಲೊಂದು ಇಲ್ಲೊಂದು ಸೀಸದ ತಗಡು. ಆಕೆಯ ರಕ್ತವನ್ನು ಕೊನೆಗೆ ಕೆಡಿಸಿದ್ದು ರೇಡಿಯಂಗಿಂತ ಹೆಚ್ಚಾಗಿ ಈ ನಾಲ್ಕು ವರ್ಷಗಳ ಎಕ್ಸ್‌ರೇ ಇರಬಹುದು ಎಂದು ಹೇಳುವವರಿದ್ದಾರೆ.

ನನಗೆ ಗೊತ್ತೇ ಇಲ್ಲದಿದ್ದ, ದೊಡ್ಡಮ್ಮನಿಗೆ ಎಲ್ಲಕ್ಕಿಂತ ಬೇಕಾಗಿದ್ದ ಭಾಗ ಇಲ್ಲಿಂದ ಶುರು. ಪ್ಯಾರಿಸ್ಸಿನಲ್ಲಿ ಮೇರಿಗಾಗಿ ಕಟ್ಟಿದ ರೇಡಿಯಂ ಇನ್‌ಸ್ಟಿಟ್ಯೂಟ್ 1914ರಲ್ಲಿ ಸಿದ್ಧವಾಗಿತ್ತು. ಅದರಲ್ಲಿ ಎರಡು ಪ್ರಯೋಗಾಲಯ. ಒಂದು ಮೇರಿಯದು. ಇನ್ನೊಂದು ಡಾಕ್ಟರ್ ಕ್ಲಾಡಿಯಸ್ ರೆಗೋ ನೋಡಿಕೊಳ್ಳುತ್ತಿದ್ದದ್ದು, ಕಿರಣ ಜೀವಿಗಳಿಗೆ ಏನು ಮಾಡುತ್ತದೆ ಎಂದು ತಿಳಿಯಲಿಕ್ಕೆ. ಯುದ್ಧ ಮುಗಿದ ಮೇಲೆ 1920ರಲ್ಲಿ ಚಿಕಿತ್ಸೆಗಾಗಿ ಕ್ಯೂರಿ ಫೌಂಡೇಶನ್ ಕೂಡ ಸೇರಿತು. ರೆಗೋ ಕೆಲಸ ಮಾಡಿದ್ದು ಟಗರುಗಳ ಮೇಲೆ. ಟಗರಿನ ಬೀಜಕ್ಕೆ ಕಿರಣ ಬಿಟ್ಟು ಸಂತಾನಶಕ್ತಿ ನಿಲ್ಲಿಸಬೇಕಾದರೆ, ಒಂದೇ ಸಲಕ್ಕೆ ಕೊಟ್ಟಾಗ ಮೇಲಿನ ಚರ್ಮ ಸುಟ್ಟು ಹೋಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಸ್ವಲ್ಪ ಸ್ವಲ್ಪ ಕೊಟ್ಟರೆ ಬೀಜ ನಿಷ್ಫಲವಾಗುತ್ತಿತ್ತು, ಚರ್ಮ ಉಳಿಯುತ್ತಿತ್ತು. ಬೀಜದಲ್ಲಿ ಕೋಶಗಳು ಕ್ಯಾನ್ಸರಿನ ಹಾಗೆ ಬಿಡುವಿಲ್ಲದೆ ಹೆಚ್ಚುತ್ತಿರುತ್ತವೆ. ಹಾಗಾದರೆ ಕ್ಯಾನ್ಸರಿಗೂ ಹೀಗೆಯೇ ಕೊಡಬೇಕು. ಎರಡು ಪೆಟ್ಟಿನ ನಡುವೆ ಒಳ್ಳೆಯ ಕೋಶಕ್ಕೆ ಸುಧಾರಿಸಲು ಸಮಯ ಸಿಗುತ್ತದೆ. ಅದೇ ಸಂಸ್ಥೆಯ ಹೆನ್ರಿ ಕುಟಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರಿಗೆ ಎಕ್ಸ್‌ರೇಯನ್ನು ಹೀಗೆ ವಾರಗಟ್ಟಲೆ ಹಂಚಿ ಕೊಟ್ಟು ರೋಗಿಗಳನ್ನು ಉಳಿಸಿದ. ಅದೇ ದಶಕದಲ್ಲಿ ಲಂಡನ್ನಿನಲ್ಲಿ ಜೆಫ್ರಿ ಕೇನ್ಸ್ ಎಂಬ ಸರ್ಜನ್, ಅರ್ಥಶಾಸ್ತ್ರದವರು ಓದುವ ಕೇನ್ಸ್‌ನ ತಮ್ಮ, ಸ್ತನವನ್ನೇ ಕಿತ್ತುಹಾಕುವ ಬದಲು ರೇಡಿಯಂ ಸೂಜಿ ಚುಚ್ಚಿ ಚಿಕಿತ್ಸೆ ಮಾಡತೊಡಗಿದ.

ದೊಡ್ಡಮ್ಮನಿಗೆ ಐದು ವಾರ, ವಾರಕ್ಕೆ ಐದು ದಿನ, ಒಟ್ಟು ಇಪ್ಪತ್ತೈದು ಸಲ ಕರೆಂಟು ಕೊಟ್ಟದ್ದು. ಒಂದು ಸಲಕ್ಕೆ ನಾಲ್ಕೈದು ನಿಮಿಷ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಅಲೆದಾಡಿಸಿದ್ದು ಬಿಲ್ಲು ಏರಿಸಲಿಕ್ಕೇ ಇರಬೇಕು ಎಂದು ಅವರು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದರು. ಟಗರಿನ ಕಥೆ ಕೇಳಿ ಜೋರಾಗಿ ನಕ್ಕರು. ಆಮೇಲೆ, ಹಂಚಿ ಕೊಟ್ಟರೂ ನನಗೆ ಹೀಗಾಯಿತಲ್ಲ ಎಂದರು. ನಿಜ. ಹಂಚಿದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅವರ ಕಾಲದ ಕೋಬಾಲ್ಟ್ ಯಂತ್ರದಲ್ಲಿ ಚರ್ಮಕ್ಕೆ ತಾಗುತ್ತಿದ್ದ ಪಾಲು ಈಗಿನ ಯಂತ್ರಗಳಿಗಿಂತ ಹೆಚ್ಚು. ಈಗ ಇಂಥ ಹುಣ್ಣು ಅಪರೂಪ ಎಂದರು ವೈದ್ಯರು. ಅಪರೂಪ ಎಂಬ ಮಾತಿನಿಂದ ಹುಣ್ಣು ಇರುವವರಿಗೆ ಏನು ಸಮಾಧಾನವೋ ನನಗೆ ತಿಳಿಯದು.

1921ರಲ್ಲಿ ಅಮೆರಿಕದ ಪತ್ರಕರ್ತೆ ಮಿಸ್ಸಿ ಮೆಲೊನಿ, ಅಲ್ಲಿನ ಹೆಂಗಸರಿಂದ ಹಣ ಕೂಡಿಸಿ ಒಂದು ಗ್ರಾಂ ರೇಡಿಯಂ ಕೊಡಿಸಿದಳು. ಅದರ ಬೆಲೆ 1,00,000 ಡಾಲರ್. ಕಂಡುಹಿಡಿದವಳಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ, ಪೇಟೆಂಟ್ ಬೇಡ ಎಂದಿದ್ದಳಲ್ಲ. ಶ್ವೇತಭವನದಲ್ಲಿ ಅಧ್ಯಕ್ಷ ಹಾರ್ಡಿಂಗ್ ಅದನ್ನು ಕೊಟ್ಟರು. ಆ ಪ್ರವಾಸದ ಫೋಟೋಗಳಲ್ಲಿ ಆಕೆಯ ಕೈ ಜೋಳಿಗೆಯಲ್ಲಿದೆ, ಕೈಕುಲುಕಿದವರು ಅಷ್ಟು ಜನ. 1929ರಲ್ಲಿ ಮತ್ತೆ ಹೋಗಿ ವಾರ್ಸಾದ ರೇಡಿಯಂ ಇನ್‌ಸ್ಟಿಟ್ಯೂಟಿಗಾಗಿ ಹಣ ತಂದಳು. 1932ರಲ್ಲಿ ಅದು ತೆರೆದಾಗ ನಡೆಸಲು ನಿಂತವಳು ಅಕ್ಕ ಬ್ರೋನ್ಯಾ. ಹುಡುಗಿಯರಾಗಿದ್ದಾಗ ಮಾಡಿಕೊಂಡ ಒಪ್ಪಂದ ಎಲ್ಲಿಗೆ ಬಂದು ನಿಂತಿತು ನೋಡಿ.

ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ಒಟ್ಟು ನಾಲ್ಕು ಆಪರೇಷನ್. ಆಸ್ಪತ್ರೆಯಲ್ಲಿ ಬೇರೆ ಹೆಸರು ಬರೆಸಿ ಸೇರುತ್ತಿದ್ದಳು. ಪ್ರಯೋಗಾಲಯದವರಿಗೆ ತಿಳಿಯಬಾರದೆಂದು ಉಪಕರಣಗಳ ಮೇಲೆ ಬಣ್ಣದ ಗುರುತು ಹಾಕಿಕೊಂಡು, ಪಾಠದ ಟಿಪ್ಪಣಿಯನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಸಾಗಿಸಿದಳು. ಗುಟ್ಟು ಕಾಯುತ್ತಿದ್ದವರು ಮಕ್ಕಳು. ಬೆರಳ ತುದಿಗಳು ಸುಟ್ಟು ಒರಟಾಗಿ, ಒಮ್ಮೊಮ್ಮೆ ಬಿರಿದು ಕೀವಾಗುತ್ತಿದ್ದವು. ಹೆಬ್ಬೆರಳಿನಿಂದ ಆ ತುದಿಗಳನ್ನು ಉಜ್ಜುತ್ತಲೇ ಇರುವುದು ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು. ತನ್ನ ವಿದ್ಯಾರ್ಥಿಗಳಿಗೆ ಇಕ್ಕಳದಲ್ಲೇ ಹಿಡಿಯಬೇಕು, ಸೀಸದ ಮರೆಯಲ್ಲೇ ನಿಲ್ಲಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು ಎಂದು ಕಟ್ಟುನಿಟ್ಟು. ತನಗೆ ಮಾತ್ರ ಅದು ಯಾವುದೂ ಇಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ದವಡೆ ಕೊಳೆತು ಸಾಯುತ್ತಿದ್ದ ಸುದ್ದಿ ಆ ಹೊತ್ತಿಗೆ ಬಂದಿತ್ತು. ಆದರೂ ತನ್ನ ಮೈಯ ಕಷ್ಟವನ್ನು ರೇಡಿಯಂ ಹೆಸರಿಗೆ ಬರೆಯಲು ಆಕೆಗೆ ಮನಸ್ಸು ಬರಲಿಲ್ಲ.

ಇದನ್ನು ನಾನು ಧೈರ್ಯ ಎಂದು ಭಾಷಣ ಮಾಡುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಐದು ತಿಂಗಳು ಸೀರೆಯ ತುಂಡು ಒತ್ತಿಟ್ಟುಕೊಂಡ ದೊಡ್ಡಮ್ಮನಿಗೂ, ಬೇರೆ ಹೆಸರು ಬರೆಸಿ ಆಸ್ಪತ್ರೆ ಸೇರಿದ ಮೇರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಒಬ್ಬರು ರೋಗಕ್ಕೆ ಹೆದರಿ ಮುಚ್ಚಿಟ್ಟರು. ಇನ್ನೊಬ್ಬರು, ಜೀವಮಾನವೆಲ್ಲ ಪ್ರೀತಿಸಿದ ವಸ್ತುವಿನ ಮೇಲೆ ತಪ್ಪು ಹೊರಿಸಲಾರದೆ ಮುಚ್ಚಿಟ್ಟರು. ಸುಟ್ಟ ಗಾಯವನ್ನು ದಿನ ಲೆಕ್ಕ ಹಾಕಿ ಬರೆದಿಟ್ಟ ಮನೆಯವಳೇ ಹೀಗೆ ಮಾಡಿದ್ದು ನನಗೆ ಬೇಸರ ತರುತ್ತದೆ.

1934ರಲ್ಲಿ ಜ್ವರ ಬಿಡದೆ ಬರತೊಡಗಿತು. ಕ್ಷಯ ಇರಬಹುದೆಂದು ಆಲ್ಪ್ಸ್ ಪರ್ವತದ ಆರೋಗ್ಯಧಾಮಕ್ಕೆ ಒಯ್ದರು. ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ಮೂಳೆಯ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಜುಲೈ 4ರಂದು, 66ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗಂಡನ ಪಕ್ಕದಲ್ಲಿ ಹೂಳಿದರು. 1995ರಲ್ಲಿ ಇಬ್ಬರನ್ನೂ ಪ್ಯಾರಿಸ್ಸಿನ ಪ್ಯಾಂಥಿಯಾನ್‌ಗೆ ತಂದರು, ಸ್ವಂತ ಸಾಧನೆಗಾಗಿ ಅಲ್ಲಿ ಜಾಗ ಪಡೆದ ಮೊದಲ ಹೆಂಗಸು ಮೇರಿ. ಆಕೆಯ ಪ್ರಯೋಗದ ನೋಟುಪುಸ್ತಕಗಳು ಇಂದಿಗೂ ಸೀಸದ ಪೆಟ್ಟಿಗೆಯಲ್ಲಿವೆ. ಹಾಳೆಗಳ ಮೇಲೆ ಆಕೆಯ ಬೆರಳಿನಿಂದ ತಾಗಿದ ರೇಡಿಯಂ ಇದೆ. ಅದು ಅರ್ಧವಾಗಲು 1600 ವರ್ಷ ಬೇಕು.

ದೊಡ್ಡಮ್ಮನಿಗೆ ಮಳೆಗಾಲ ಮುಗಿದ ಮೇಲೆ ಆಪರೇಷನ್. ಬರೀ ಮುಲಾಮಿನಿಂದ ಇದು ಮಾಯುವುದಿಲ್ಲ, ಅಲ್ಲಿ ರಕ್ತವೇ ಬಾರದಿರುವಾಗ ಮುಲಾಮು ಏನು ಮಾಡೀತು. ಕೆಟ್ಟ ಚರ್ಮ, ಅಡಿಯ ಗಟ್ಟಿ ಮಾಂಸ ಎಲ್ಲ ತೆಗೆದು, ಬೆನ್ನಿನ ಒಂದು ಸ್ನಾಯುವನ್ನು ಚರ್ಮ ಮತ್ತು ರಕ್ತನಾಳದ ಸಮೇತ ಎದೆಗೆ ತಿರುಗಿಸಿ ಹೊಲಿಯುತ್ತಾರಂತೆ. ಕಿರಣ ತಾಗದ ಜಾಗದ ರಕ್ತ ಆಗ ಇಲ್ಲಿಗೂ ಬರುತ್ತದೆ. ಹೂಳು ತುಂಬಿದ ಕಣಿಯನ್ನು ಬಿಟ್ಟು ಬೇರೆ ಕೆರೆಯಿಂದ ನೀರು ತಂದ ಹಾಗೆ ಎಂದು ನಾನು ವಿವರಿಸಿದೆ. ಅಲ್ಲಿಯವರೆಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಅರಸಿನ, ಎಣ್ಣೆ ಎಲ್ಲ ಬಂದ್. ಸೊಪ್ಪಿನ ರಸ ತಂದುಕೊಡುವೆ ಎಂದ ನೆರೆಮನೆಯವರನ್ನು ಅಮ್ಮ ಚಹಾ ಕೊಟ್ಟು ಕಳಿಸಿದರು.

ಮೊನ್ನೆ ಪಟ್ಟಿ ಅಂಟಿಸಿ ಮುಗಿಸಿದಾಗ ದೊಡ್ಡಮ್ಮ, ಅವಳ ಬೆರಳು ಕೊನೆಗಾದರೂ ವಾಸಿಯಾಯಿತಾ ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಆಪರೇಷನ್ ಆದರೆ ಎಡಗೈ ಎತ್ತಲು ಎಷ್ಟು ದಿನ ಬೇಕು ಎಂದು ಮುಂದಿನ ಸಲ ಡಾಕ್ಟರರ ಹತ್ತಿರ ಮರೆಯದೆ ಕೇಳು, ದೀಪಾವಳಿಗೆ ಹೂವಿಗೆ ಒಳ್ಳೆ ರೇಟು ಇರುತ್ತದೆ ಎಂದರು.